ಹಿಂದಿನ ಸೀಟಿನ ಎಡಭಾಗ

ನಮ್ಮ ಸೋದರಮಾವನ ಕಾರಿನಲ್ಲಿ ಬದುಕಿರುವವರಿಗಿಂತ ಸತ್ತವರಿಗೆ ಮರ್ಯಾದೆ ಹೆಚ್ಚು. ಪತ್ರಿಕೆಗೆ ವರ್ಷಗಟ್ಟಲೆ ವರದಿ ಬರೆದವನು ನಾನು. ಕಂಡದ್ದನ್ನು ಬಿಟ್ಟು ಬೇರೆ ಬರೆದರೆ ನಿದ್ದೆ ಬರುವುದಿಲ್ಲ. ಇದನ್ನೂ ಕಂಡೇ ಬರೆಯುತ್ತಿದ್ದೇನೆ.

ಮಾವನದು ಶೀಳನೆರೆ ಪಕ್ಕದ ಹಳ್ಳಿ. ಒಂದು ಕಾಲಕ್ಕೆ ಆ ಊರಿಗೆಲ್ಲ ಇದ್ದದ್ದು ಅವನದೊಂದೇ ಕಾರು. ಊರಲ್ಲಿ ಯಾರು ಸತ್ತರೂ ಮೂರನೆಯ ದಿನ ಅಸ್ಥಿಯ ಮಡಕೆ ಹೊತ್ತು ಶ್ರೀರಂಗಪಟ್ಟಣದ ಹೊಳೆಗೆ ಹೋಗುವುದು ಇದರಲ್ಲೇ. ಮಡಕೆಗೆ ಹಿಂದಿನ ಸೀಟಿನ ಎಡಭಾಗ ಕಾಯಂ. ಅದು ಉರುಳದಂತೆ ಮಾವ ಟವೆಲು ಕಟ್ಟುತ್ತಿದ್ದ. ಸತ್ತವರ ಮಗ ಬಲಭಾಗದಲ್ಲಿ ಮುದುಡಿಕೊಂಡು ಕೂರಬೇಕು.

ಅಷ್ಟೇ ಆಗಿದ್ದರೆ ಪ್ರಬಂಧ ಯಾಕೆ ಬರೆಯಲಿ? ದಾರಿಯುದ್ದಕ್ಕೂ ಮಾವ ಮಡಕೆಯ ಜೊತೆ ಮಾತಾಡುತ್ತಿದ್ದ. ಚಿನಕುರಳಿ ಬಂತು, ಪಾಂಡವಪುರ ಬಂತು, ಮುಂದೆ ಹಂಪು ಐತೆ ಗಟ್ಟಿಯಾಗಿ ಕುಂತ್ಕಳಿ ಎಂದು ಕಂಡಕ್ಟರನಂತೆ ಹೇಳುತ್ತಿದ್ದ. ಹೊಳೆ ಮುಟ್ಟಿದ ಮೇಲೆ ಕೆಳಗಿಳಿದು ಹಿಂದಿನ ಬಾಗಿಲು ತೆಗೆದು, "ಹೊಳೆ ಬಂತು, ಇಳ್ಕಳಿ" ಎನ್ನುತ್ತಿದ್ದ. ದಾರಿ ಗೊತ್ತಾಗದಿದ್ದರೆ ಜೀವ ಇಳಿಯುವುದಿಲ್ಲ, ವಾಪಸು ಕಾರಿನಲ್ಲೇ ಬಂದುಬಿಡುತ್ತದೆ ಎಂಬುದು ಅವನ ಸಿದ್ಧಾಂತ. ಇದಕ್ಕೆ ಶಾಸ್ತ್ರದ ಆಧಾರ ಉಂಟೇ ಎಂದು ಮೇಲುಕೋಟೆಯ ಒಬ್ಬರನ್ನು ವಿಚಾರಿಸಿದೆ. ಅವರು ಕಾರು ಯಾವ ಮಾಡೆಲ್ಲು ಎಂದು ಕೇಳಿದರು.

ಈಚೆಗೆ ಆ ಕಾರಿನ ಎಂಜಿನ್ನು ಗಟ್ಟಿಯಾಗಿತ್ತು, ಒಳಗಿನದೆಲ್ಲ ಹೋಗಿತ್ತು. ಮೇಲ್ಛಾವಣಿಯ ಬಟ್ಟೆ ಜೋತುಬಿದ್ದು, ವೇಗ ಹೆಚ್ಚಿದಾಗ ಹಿಂದಿನಿಂದ ಯಾರೋ ತಲೆ ನೇವರಿಸಿದಂತಾಗುತ್ತಿತ್ತು. ಹಿಂದಿನ ಸೀಟಿನ ಎಡಭಾಗವಂತೂ ಕುಸಿದು ಕುಳಿಯಾಗಿತ್ತು. ಹಂಪು ದಾಟಿದಾಗ ನಾವು ಒಮ್ಮೆ ಕುಲುಕುತ್ತಿದ್ದೆವು; ಖಾಲಿ ಇರುವ ಆ ಭಾಗ ತುಸು ತಡವಾಗಿ, ತನ್ನ ಪಾಡಿಗೆ ತಾನು, ಕಿರ್ರೆನ್ನುತ್ತಿತ್ತು. ಮಟಮಟ ಮಧ್ಯಾಹ್ನದಲ್ಲೂ ನಾನು ಕನ್ನಡಿ ನೋಡಿದ್ದೇನೆ. ಯಾರೂ ಇರಲಿಲ್ಲ. ವರದಿಗಾರನಾಗಿ ಇಷ್ಟನ್ನೇ ಹೇಳಬಲ್ಲೆ. ಎರಡನೆಯ ಸಲ ನೋಡಲಿಲ್ಲ ಎಂಬುದನ್ನೂ ಹೇಳಬೇಕು!

ಸೀಟು ಬದಲಿಸುವ ಮಾತು ಬಂದದ್ದು ಮಾವನ ಹೆಂಡತಿ, ನಮ್ಮ ಅತ್ತೆಯಿಂದ. ಅವರ ಬೆನ್ನುಮೂಳೆ ಜರುಗಿ ಎಡಗಾಲು ಜೋಮು ಹಿಡಿಯುತ್ತಿತ್ತು. ನಾಗಮಂಗಲದ ವೈದ್ಯರು ವಾರಕ್ಕೆರಡು ಸಲ ಚಿಕಿತ್ಸೆಗೆ ಬರಬೇಕು, ಸಮನಾದ ಸೀಟಿನ ಮೇಲೆ ಮಲಗಿಸಿಯೇ ಕರೆತರಬೇಕು, ತಪ್ಪಿಸಿದರೆ ಕಾಲು ಹೋಗುತ್ತದೆ ಎಂದಿದ್ದರು. ಆ ಕುಳಿಯಲ್ಲಿ ಮಲಗುವುದು ಹೇಗೆ? ಬೇರೆ ಗಾಡಿ ಗೊತ್ತುಮಾಡಿದರೆ ಅತ್ತೆ ಹತ್ತುವುದಿಲ್ಲ. ಮನೆಯಲ್ಲಿ ಕಾರಿಟ್ಟುಕೊಂಡು ಬಾಡಿಗೆ ಗಾಡಿಯೇ ಎಂಬ ಹಟ.

ಮಾವನನ್ನು ಪಾಂಡವಪುರದ ಸೀಟು ಹೊಲಿಯುವ ಭಾಯಿಯ ಹತ್ತಿರ ಕರೆದುಕೊಂಡು ಹೋದೆ. ಭಾಯಿ ಹೊಲಿಗೆ ಬಿಚ್ಚಿ ಕೈ ತೂರಿಸಿ ನೋಡಿದ. ಆಮೇಲೆ ಕೈ ಹೊರತೆಗೆದು ಪ್ಯಾಂಟಿಗೆ ಒರೆಸಿಕೊಂಡ.

"ಸ್ಪ್ರಿಂಗು ಎಲ್ಲಾ ಠೀಕ್ ಅವೆ. ನಾರೂ ಚೆನ್ನಾಗೈತೆ. ಕುಸಿಯಕ್ಕೆ ಏನೂ ಕಾರಣ ಇಲ್ಲ ಸ್ವಾಮಿ."

ಮಾವ ತಕ್ಷಣ ಕಾರು ತಿರುಗಿಸಿಕೊಂಡು ಹೊರಟ. ವಿಷಯ ಬಾಯಿಬಿಟ್ಟದ್ದು ನಾಲೆ ದಾಟಿದ ಮೇಲೆ. ಊರಿನ ಮಡಕೆಗಳಿಗೆಲ್ಲ ದಾರಿ ಹೇಳಿದವನು ತನ್ನ ತಾಯಿಯ, ಅಂದರೆ ನನ್ನ ಅಜ್ಜಿಯ ಮಡಕೆ ಒಯ್ದ ದಿನ ಒಂದು ಮಾತೂ ಆಡಿರಲಿಲ್ಲವಂತೆ. ಹೊಳೆಯಲ್ಲಿ ಬಿಟ್ಟು ಬಂದು ನೋಡಿದರೆ ಸೀಟು ಕುಸಿದಿತ್ತು.

ಅಜ್ಜಿ ಗುಬ್ಬಚ್ಚಿಯಂತಿದ್ದಳು, ಅವಳ ಭಾರಕ್ಕೆ ಹತ್ತಿಯ ದಿಂಬೂ ತಗ್ಗುತ್ತಿರಲಿಲ್ಲ ಎಂದೆ. ಸತ್ತ ಮೇಲೆ ತೂಕ ಜಾಸ್ತಿಯಾಗುತ್ತದೆ ಎಂದ. ಹಾಗಾದರೆ ಇನ್ನೊಮ್ಮೆ ಹೊಳೆಗೆ ಹೋಗಿ ಇಳಿ ಎಂದು ಹೇಳಿದರಾಯಿತಲ್ಲ ಎಂದೆ. ಮಾವ ಗೇರು ಬದಲಾಯಿಸಿದ.

"ಹೆತ್ತವ್ವನ್ನ ಇಳಿ ಅಂತ ಎಂಗ್ಲಾ ಅನ್ಲಿ?"

ಅಲ್ಲಿಂದ ಎರಡು ವಾರ ಅತ್ತೆಯ ಚಿಕಿತ್ಸೆ ತಪ್ಪಿತು. ಮೂರನೆಯ ವಾರ ಡೇರಿಗೆ ಹಾಲು ಹಾಕಲು ಹೊರಟವರು ಕಾಲು ಎಳೆದು ಬೀದಿಯಲ್ಲೇ ಬಿದ್ದರು. ಹಾಲು ಹರಿದುಹೋಯಿತು. ಮಾರನೆಯ ಬೆಳಿಗ್ಗೆ ಮಾವನೇ ಭಾಯಿಯ ಅಂಗಡಿ ಮುಂದೆ ಕಾರು ನಿಲ್ಲಿಸಿ ನನಗೆ ಫೋನು ಮಾಡಿದ.

ನಾನು ಹೋದಾಗ ಅವನು ಹಿಂದಿನ ಬಾಗಿಲು ತೆಗೆದು ನಿಂತಿದ್ದ. ಇಳಿ ಎಂಬ ಮಾತನ್ನು ಆಗಲೂ ಆಡಲಿಲ್ಲ. "ಅವ್ವಾ, ಒಸಿ ಎದ್ದಿರು. ಸೀಟು ಆಕುಸ್ಬುಡ್ತೀನಿ, ಆಮ್ಯಾಕೆ ಕುಂತ್ಕಳೀವಂತೆ" ಎಂದ. ಅಂಗಡಿಯ ನೆರಳಿನಲ್ಲಿ ಒಂದು ಪ್ಲಾಸ್ಟಿಕ್ ಕುರ್ಚಿ ಹಾಕಿಸಿದ. ಅದರ ಮುಂದೆ ಟೀ ಇಡಿಸಿದ. ಟ್ರಾಕ್ಟರಿನ ಸೀಟು ಹೊಲಿಸಲು ಬಂದ ಯಾರೋ ಆ ಕುರ್ಚಿಗೆ ಕೂರಲು ಹೋದರೆ, ಭಾಯಿ ತಲೆಯೆತ್ತದೆ, "ಅಲ್ಲಿ ಬ್ಯಾಡ, ಅಮ್ಮೋರು ಅವ್ರೆ" ಎಂದ. ಬಂದವನು ಟ್ರಾಕ್ಟರು ಬೇರೆ ಕಡೆಗೆ ಹೊಡೆದುಕೊಂಡು ಹೋದ. ಟೀ ಯಾರೂ ಮುಟ್ಟದೆಯೇ ಕಡಿಮೆಯಾಯಿತು ಎಂದು ಮಾವ ಹೇಳುತ್ತಾನೆ. ಅದನ್ನು ನಾನು ನೋಡಲಿಲ್ಲ, ಆದ್ದರಿಂದ ದೃಢಪಡಿಸಲಾರೆ.

ಸಂಜೆ ಹೊತ್ತಿಗೆ ಹೊಸ ಫೋಮು, ಕಂದು ರೆಕ್ಸಿನ್ನು, ಬಿಗಿದ ಛಾವಣಿ. ಕಾರು ಮದುವೆ ಗಂಡಿನಂತೆ ಕಾಣುತ್ತಿತ್ತು. ಮಾವ ಕುರ್ಚಿಯ ಕಡೆ ತಿರುಗಿ ಕೈಚಾಚಿ ಕರೆದ, ಬಾಗಿಲು ತೆಗೆದು ಕಾದ, ಮೆಲ್ಲಗೆ ಮುಚ್ಚಿದ. ಆಮೇಲೆ ಕಿಟಕಿಯಿಂದ ಇಣುಕಿದ. ಎಡಭಾಗ ಹಲಗೆಯಷ್ಟು ಸಮನಾಗಿತ್ತು. ಅಂಗೈಯಿಂದ ಒತ್ತಿದ, ಕೈ ತೆಗೆದೊಡನೆ ಮೇಲೆದ್ದಿತು. ಮತ್ತೆ ಒತ್ತಿದ.

ಊರಿನವರೆಗೂ ಹಂಪುಗಳಲ್ಲಿ ಏನೂ ಸದ್ದಾಗಲಿಲ್ಲ. ಮಾವ ಒಂದೇ ಸಲ ಬಾಯಿಬಿಟ್ಟ. "ಅವ್ವ ಹತ್ಲಿಲ್ಲ ಕಣ್ಲಾ."

ಮರುದಿನ ನಾಗಮಂಗಲಕ್ಕೆ ಹೊರಟೆವು. ಮಾವ ಯಾರ ಮುಖವನ್ನೂ ನೋಡದೆ ಸ್ಟಿಯರಿಂಗ್ ಹಿಡಿದು ಕೂತಿದ್ದ. ಅತ್ತೆಯನ್ನು ನಾನೇ ನಿಧಾನವಾಗಿ ಹಿಂದೆ ಮಲಗಿಸಿದೆ. ತಲೆ ಬಲಕ್ಕೆ ಇಟ್ಟುಕೊಂಡು ಅವರು ಮೊಣಕಾಲು ಮಡಚಿದರು. ನೋವಿಗೆ ಮುಖ ಕಿವುಚಿಕೊಂಡರು. ಎಡಗಡೆ ಒಬ್ಬರು ಕೂರುವಷ್ಟು ಜಾಗ ಖಾಲಿ ಉಳಿಯಿತು.

"ಕಾಲು ಚಾಚ್ಕಳೇ, ಅದ್ಕೇ ತಾನೆ ಇಷ್ಟೆಲ್ಲಾ ಮಾಡ್ಸಿದ್ದು" ಎಂದ ಮಾವ ಕನ್ನಡಿಯಲ್ಲಿ ನೋಡುತ್ತ.

ಅತ್ತೆ ಸೆರಗು ಸರಿಮಾಡಿಕೊಂಡರು. "ನಿಮ್ಮವ್ವನ ಮ್ಯಾಲೆ ಕಾಲಾಕಕ್ಕಾಯ್ತದಾ? ನೀವು ಗಾಡಿ ಬುಡಿ."