ಶಬ್ದದ ಗೋಡೆ ಮತ್ತು ಉಪ್ಪಿನಕಾಯಿ ಜಾಡಿ

ವಿಮಾನ ಶಬ್ದಕ್ಕಿಂತ ವೇಗವಾಗಿ ಹಾರಿ ಶಬ್ದದ ಗೋಡೆಯನ್ನು ಹೇಗೆ ಒಡೆಯುತ್ತದೆ ಎಂಬುದು ಇಡೀ ಮಧುಗಿರಿಯಲ್ಲಿ ಸರಿಯಾಗಿ ತಿಳಿದಿರುವುದು ನನಗೊಬ್ಬನಿಗೇ ಎಂದು ಬಹಳ ಕಾಲ ನಂಬಿದ್ದೆ. ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು ನಾನು. ವರ್ಷಾವರ್ಷ ಕರಿಹಲಗೆಯ ಮೇಲೊಂದು ಗೋಡೆ ಬರೆದು, ಸೀಮೆಸುಣ್ಣದ ವಿಮಾನವನ್ನು ಅದಕ್ಕೆ ಗುದ್ದಿಸಿ, ಡಸ್ಟರಿನಿಂದ ಮೇಜು ಬಡಿಯುತ್ತೇನೆ. ಹಿಂದಿನ ಬೆಂಚಿನಲ್ಲಿ ತೂಕಡಿಸುವವರೂ ಎದ್ದು ಕೂರುತ್ತಾರೆ. ನಿಜವಾದ ಸದ್ದನ್ನು ನೀವು ಕೇಳಿದ್ದೀರಾ ಎಂದು ಯಾರೂ ಕೇಳಲಿಲ್ಲ, ನಾನಾಗಿ ಹೇಳಲೂ ಹೋಗಲಿಲ್ಲ.

ಹೀಗಿರುವಾಗ ಪಾವಗಡದ ಕಡೆಯಿಂದ ನಮ್ಮ ಮಾವ ಬಂದರು. ಅವರ ಕಿವಿ ಮಂದವಾಗುತ್ತ ಬಂದಿದೆ. ಕಿವಿಗೆಂದು ಕೊಡಿಸಿದ ಮಿಷನ್ನನ್ನು ಅಂಗಿಯ ಜೇಬಿನಲ್ಲಿ ಜೋಪಾನವಾಗಿ ಇಟ್ಟುಕೊಂಡಿರುತ್ತಾರೆ. ಬೆಂಗಳೂರಿನ ವಿಮಾನ ಪ್ರದರ್ಶನದ ಸುದ್ದಿಯನ್ನು ಟಿವಿಯಲ್ಲಿ ನೋಡುತ್ತಾ ಹೇಳಿದರು:

"ಅಳಿಯಂದ್ರೇ, ಈ ಕಿವಿ ಪೂರ್ತಿ ಮುಚ್ಕೊಳ್ಳೋದ್ರೊಳಗೆ ಒಂದು ದೊಡ್ಡ ಸದ್ದು ಕೇಳ್ಬೇಕು ಅಂತ ಆಸೆ. ಕ್ವಾರಿಯೋರು ಬಂಡೆ ಸಿಡಿಸೋದೂ ಈಗ ಪಟಾಕಿ ಹೊಡ್ದಂಗೆ ಕೇಳ್ತೈತೆ."

ಆ ಮಾತು ಕೇಳಿ ನನಗೆ ನಿಜವಾಗಿಯೂ ಸಂಕಟವಾಯಿತು. ಸಂಕಟದ ಹಿಂದೆಯೇ ಮೇಷ್ಟ್ರ ಗತ್ತೂ ಎದ್ದು ನಿಂತಿತು.

"ಅಲ್ಲಿ ಶಬ್ದದ ಗೋಡೆಯನ್ನೇ ಒಡೀತಾರೆ ಮಾವ. ಬಂಡೆಗೂ ಕೇಳಿಸುತ್ತೆ," ಎಂದು ಕೂಗಿ ಹೇಳಿದೆ.

ಹೊರಡುವ ದಿನ ಬೆಳಿಗ್ಗೆ ಮಾವ ಜಗಲಿಯ ಮೇಲೆ ಕೂತು ಮಂಡಿ ಒತ್ತಿಕೊಳ್ಳುತ್ತಿದ್ದರು. "ನೀವು ಹೋಗ್ಬನ್ನಿ. ನಾನು ಇಲ್ಲೇ ಇರ್ತೀನಿ," ಎಂದರು. ನಾನು ಬಿಡಲಿಲ್ಲ.

ಹೆಂಡತಿ ಸರ್ವಮಂಗಳಾಗೆ ಬೇರೆಯೇ ಚಿಂತೆ. "ಶುಕ್ರವಾರ ಕಣ್ರೀ. ಗೊರವನಹಳ್ಳಿಗೆ ಹೋಗಿದ್ರೆ ಲಕ್ಷ್ಮಿ ದರ್ಶನಾನೂ ಆಗ್ತಿತ್ತು. ಹೋಗ್ಲಿ, ಅಟ್ಟದ ಮೇಲಿರೋ ಉಪ್ಪಿನಕಾಯಿ ಜಾಡಿನಾದ್ರೂ ಕೆಳಗಿಳ್ಸಿ ಹೋಗಣ. ಕ್ವಾರಿ ಸದ್ದಿಗೇ ಅಲ್ಲಾಡ್ತದೆ ಅದು."

ನಾನು ವೈಜ್ಞಾನಿಕವಾಗಿ ನಕ್ಕೆ. "ಸದ್ದು ಆಗೋದು ಬೆಂಗಳೂರಲ್ಲಿ, ಜಾಡಿ ಇರೋದು ಮಧುಗಿರೀಲಿ. ಮಧ್ಯೆ ಕೊರಟಗೆರೆ ಇದೆ."

ಕಾರು ನಿಲ್ಲಿಸಿದ ಜಾಗದಿಂದ ಪ್ರದರ್ಶನದ ಮೈದಾನಕ್ಕೆ ನಡೆಯುವಷ್ಟರಲ್ಲಿ ಮಾವನ ಮಂಡಿ ಕೈಕೊಟ್ಟಿತು. ಬಿಸಿಲಲ್ಲಿ ಅವರನ್ನು ಒಂದು ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂರಿಸಿ, ನಾನು ಮುಂಜಾಗ್ರತೆಯಾಗಿ ಎರಡೂ ಕಿವಿಗೆ ಹತ್ತಿ ತುರುಕಿಕೊಂಡೆ.

ಮೊದಲು ಪ್ರದರ್ಶನ ತಂಡದ ಜೆಟ್‌ಗಳು ಬಂದವು. ರೆಕ್ಕೆಗೆ ರೆಕ್ಕೆ ತಾಗುವಷ್ಟು ಹತ್ತಿರ ಹಾರಿ, ಬಣ್ಣದ ಹೊಗೆ ಬಿಟ್ಟು, ಆಕಾಶದಲ್ಲಿ ಹೃದಯ ಬಿಡಿಸಿದವು.

"ಒಡೀತಾ?" ಎಂದರು ಮಾವ.

"ಇನ್ನೂ ಇಲ್ಲ."

ಆಮೇಲೊಂದು ಯುದ್ಧವಿಮಾನ ಬೆಂಕಿಯುಗುಳುತ್ತಾ ನೆಟ್ಟಗೆ ಮೇಲಕ್ಕೆದ್ದಿತು. ಕುರ್ಚಿಗಳು ನಡುಗಿದವು. ಮಾವನ ಮುಖ ಅರಳಿತು. "ಎದೆಯೊಳಗೇ ಗುಡುಗ್ದಂಗಾಯ್ತು! ಇದೇ ಅಲ್ವಾ ಅದು?"

ಹೌದು ಎಂದಿದ್ದರೆ ಕಥೆ ಅಲ್ಲಿಗೆ ಸುಖವಾಗಿ ಮುಗಿಯುತ್ತಿತ್ತು. ಆದರೆ ನಾನು ವಿಜ್ಞಾನದ ಮೇಷ್ಟ್ರು. "ಅಲ್ಲ ಮಾವ, ಇದು ಬರೀ ಇಂಜಿನ್ನು. ಅದರ ಮುಂದೆ ಇದೇನೂ ಅಲ್ಲ," ಎಂದೆ. ಅರಳಿದ ಮುಖ ಮತ್ತೆ ಕಾಯಲು ಕೂತಿತು.

ಅಷ್ಟರಲ್ಲಿ ಧ್ವನಿವರ್ಧಕದಲ್ಲಿ ಏನೋ ಹೇಳಿದರು. ಸರ್ವಮಂಗಳಾ ನನ್ನ ಕಿವಿಯ ಹತ್ತಿ ಕಿತ್ತಳು. "ಇಂಗ್ಲಿಷಲ್ಲಿ ಏನೋ ಅಂತವ್ರೆ, ಕೇಳಿಸ್ಕೊಳ್ಳಿ."

ಕೇಳಿಸಿಕೊಂಡೆ. ಕೇಳಿಸದಿದ್ದರೇ ಚೆನ್ನಾಗಿತ್ತು.

"ಏನಂತೆ?" ಎಂದರು ಮಾವ.

ಮೆಲ್ಲಗೆ ಹೇಳಿದೆ. ಅವರಿಗೆ ಕೇಳಿಸಲಿಲ್ಲ. ಇನ್ನೊಂದು ಸಲ ಹೇಳಿದೆ. ಕಿವಿಗೆ ಕೈ ಅಡ್ಡ ಹಿಡಿದು ಮುಂದೆ ಬಾಗಿದರು. ಬೇರೆ ದಾರಿ ಕಾಣದೆ ಗಂಟಲು ಹರಿಯುವಂತೆ ಕಿರುಚಿದೆ: "ಜನ ಸೇರಿರೋ ಕಡೆ ಶಬ್ದದ ಗೋಡೆ ಒಡೆಯೋ ಹಂಗಿಲ್ಲವಂತೆ! ಒಡೆಯೋದಾದ್ರೆ ದೂರ ಹೋಗಿ ಒಡೀತಾರಂತೆ!"

ಸುತ್ತಲಿನವರೆಲ್ಲ ವಿಮಾನ ಬಿಟ್ಟು ನನ್ನನ್ನು ನೋಡಿದರು. ಆ ದಿನ ಅಲ್ಲಿ ಕೇಳಿದ ಅತಿ ದೊಡ್ಡ ಸದ್ದು ಬಹುಶಃ ನನ್ನದೇ.

"ಪರವಾಲೇದು ಬುಡಿ," ಎಂದರು ಮಾವ. ದಾರಿಯುದ್ದಕ್ಕೂ ಕಾರಿನ ಕಿಟಕಿಯಿಂದ ಆಕಾಶವನ್ನೇ ನೋಡುತ್ತಾ ಬಂದರು. ಬೈದಿದ್ದರೆ ಎಷ್ಟೋ ವಾಸಿಯಾಗಿತ್ತು.

ಸಂಜೆ ಮನೆಯ ಗೇಟು ತೆಗೆಯುವ ಮೊದಲೇ ಪಕ್ಕದ ಮನೆಯ ನಾಗರತ್ನ ಓಡಿಬಂದರು.

"ಎಲ್ಲೋಗ್ಬುಟ್ಟಿದ್ರಿ ಸಾರ್? ಮಧ್ಯಾಹ್ನ ಎಂಥಾ ಸದ್ದಾಯ್ತು ಅಂತೀರಾ! ಕ್ವಾರಿ ಅಂದ್ಕೊಂಡ್ವಿ. ಕ್ವಾರಿಯೋರೇ ಹೆದ್ರಿ ಆಚೆಗೆ ಬಂದವ್ರೆ. ಮೇಲ್ಗಡೆ ನೋಡಿದ್ರೆ ವಿಮಾನ ಹೋದ ಬಿಳಿ ಗೆರೆ. ನಮ್ಮತ್ತೆಗೆ ಏನೇನೂ ಕೇಳ್ಸಲ್ಲ ನೋಡಿ, ಅವರೇ ಎದ್ದು ಕೂತ್ಕೊಂಡು ಬಾಗಿಲು ಬಡ್ದೋರು ಯಾರು ಅಂದ್ರು!"

ಸರ್ವಮಂಗಳಾ ಬೀಗ ತೆಗೆದು ಅಡುಗೆಮನೆಗೆ ನಡೆದಳು. ಅಟ್ಟದ ಕೆಳಗೆ ಜಾಡಿ ಚೂರುಚೂರಾಗಿ ಬಿದ್ದಿತ್ತು. ವರ್ಷಕ್ಕೆಂದು ಹಾಕಿದ್ದ ಮಾವಿನಕಾಯಿ ಉಪ್ಪಿನಕಾಯಿ ಅಡುಗೆಮನೆಯ ನೆಲದ ಮೇಲೆಲ್ಲ ಹರಡಿತ್ತು. ಕೊರಟಗೆರೆ ಮಧ್ಯೆ ಇದ್ದೂ ಏನೂ ಪ್ರಯೋಜನವಾಗಿರಲಿಲ್ಲ.

ಮಾವ ಒಳಗೆ ಬರಲೇ ಇಲ್ಲ. ನೆಟ್ಟಗೆ ನಾಗರತ್ನರ ಜಗಲಿಗೆ ಹೋಗಿ ಅವರತ್ತೆಯ ಪಕ್ಕ ಕೂತರು. ಜೇಬಿನಿಂದ ಮಿಷನ್ ತೆಗೆದು, ಮೊದಲ ಸಲ ಕಿವಿಗೆ ಹಾಕಿಕೊಂಡು, "ಹೆಂಗಿತ್ತಮ್ಮಾ ಆ ಸದ್ದು? ಸ್ವಲ್ಪ ಹೇಳಮ್ಮಾ," ಎಂದು ಕೇಳುತ್ತಿದ್ದರು. ನಾನು ಪೊರಕೆ ಹಿಡಿದು ಬಾಗಿಲಲ್ಲೇ ನಿಂತಿದ್ದೆ.

ಮುಂದಿನ ಪ್ರದರ್ಶನದ ಸುದ್ದಿ ಮೊನ್ನೆ ಟಿವಿಯಲ್ಲಿ ಬಂತು. ಮಾವನೇ ಫೋನ್ ಮಾಡಿದರು.

"ಅಳಿಯಂದ್ರೇ, ನೀವು ಬೆಂಗಳೂರಿಗೆ ಹೊರಡೋ ದಿನ ಯಾವ್ದು ಅಂತ ಮೊದ್ಲೇ ತಿಳಿಸ್ಬುಡಿ. ಹಿಂದಿನ ದಿನಾನೇ ನಾನು ನಿಮ್ಮನೆಗೆ ಬಂದು ಜಗಲಿ ಮೇಲೆ ಕೂತ್ಕೋತೀನಿ."

ಅಡುಗೆಮನೆಯಿಂದ ಸರ್ವಮಂಗಳಾ ಕೂಗಿದಳು. "ನಂಗೂ ತಿಳ್ಸಿ ಕಣ್ರೀ. ಜಾಡಿ ಇಳಿಸ್ಬೇಕು."