ಮೂಗಿನ ಕೆಳಗಿನ ನೆರಳು

ಮೂಗಿನ ಕೆಳಗೆ ಒಂದಿಷ್ಟು ನೆರಳು ಬೇಕೆಂದು ರೆಕಾರ್ಡ್ ರೂಮಿನ ಗುಮಾಸ್ತನಿಗೆ ಅನ್ನಿಸಿದ್ದೇ ತಪ್ಪಾಯಿತು.

ಕಾಗದಕ್ಕೆ ತೂತು ಹೊಡೆಯುವ ಪಂಚಿಂಗ್ ಮೆಷಿನ್ನಿನ ಹೊಟ್ಟೆಯಿಂದ ಉದುರುವ ದುಂಡು ಚೂರುಗಳನ್ನು ಅವನು ನಾಲ್ಕು ತಿಂಗಳಿಂದ ಕೂಡಿಹಾಕಿದ್ದ. ಫೈಲಿನ ಹೊದಿಕೆಯಿಂದ ಕಂದು, ರಜೆ ಅರ್ಜಿಗಳಿಂದ ಬಿಳಿ, ಹಳೇ ರಸೀದಿಗಳಿಂದ ಗುಲಾಬಿ, ಕಾರ್ಬನ್ ಹಾಳೆಯಿಂದ ಕಡುನೀಲಿ. ಊಟದ ಬಿಡುವಿನಲ್ಲಿ ಬಾಗಿಲು ಹಾಕಿಕೊಂಡು, ಒಂದೊಂದನ್ನೇ ಗುಂಡುಸೂಜಿಯ ತುದಿಯಲ್ಲಿ ಎತ್ತಿ ರಟ್ಟಿಗೆ ಅಂಟಿಸಿ, ಹೆಂಡತಿಯ ಮುಖ ಮಾಡಿದ್ದ. ಮದುವೆಯಾಗಿ ಇವತ್ತಿಗೆ ಇಪ್ಪತ್ತು ವರ್ಷ. ಸಂಜೆ ಅವಳು ಕಚೇರಿಗೇ ಬರುವುದು, ಇಬ್ಬರೂ ಹೊರಗೆ ಊಟಕ್ಕೆ ಹೋಗುವುದು ಎಂದು ಮಾತಾಗಿತ್ತು.

ಬೆಳಿಗ್ಗೆ ಕೊನೆಯ ನೀಲಿ ಚೂರುಗಳನ್ನು ಮೂಗಿನ ಕೆಳಗೆ ಕೂರಿಸಿ, ಗೋಂದು ಒಣಗಲೆಂದು ಚಿತ್ರವನ್ನು ಕಿಟಕಿಗೆ ಒರಗಿಸಿಟ್ಟ. ಕೈ ತೊಳೆದು ಬರುವಷ್ಟರಲ್ಲಿ ಟೈಪಿಸ್ಟ್ ಅದರ ಮುಂದೆ ನಿಂತಿದ್ದಳು.

"ಎಂಥ ಧೈರ್ಯ ಸಾರ್ ನಿಮ್ದು," ಎಂದಳು ಪಿಸುದನಿಯಲ್ಲಿ. "ಸಾಹೇಬ್ರನ್ನ ಹೀಗೆ ಮಾಡೋದಾ?"

"ಯಾವ ಸಾಹೇಬ್ರು?"

"ನಮ್ಮ ಸಾಹೇಬ್ರೇ. ಆ ಮೀಸೆ ನೋಡಿದ್ರೆ ಗೊತ್ತಾಗಲ್ವಾ?"

ಗುಮಾಸ್ತ ಬಗ್ಗಿ ನೋಡಿದ. ನೆರಳು ದಪ್ಪ ಮೀಸೆಯಾಗಿ ಕೂತಿತ್ತು. ಇದು ನನ್ನ ಹೆಂಡತಿ ಎನ್ನೋಣವೆಂದರೆ ಟೈಪಿಸ್ಟ್ ಪಕ್ಕದ ಮನೆಯವಳು. ಮಾತು ಅವನಿಗಿಂತ ಮೊದಲೇ ಮನೆ ಸೇರುತ್ತಿತ್ತು.

ಅವಳು ಹೋದ ಮೇಲೆ ಸೂಜಿಯಿಂದ ಮೀಸೆ ಕೀಳಲು ನೋಡಿದ. ಮೀಸೆ ಜಗ್ಗಲಿಲ್ಲ, ತುಟಿ ಎದ್ದು ಬಂತು. ತುಟಿ ಮತ್ತೆ ಅಂಟಿಸುತ್ತಿರುವಾಗ ಸ್ಟೋರ್‌ಕೀಪರ್ ಇಣುಕಿ, "ಗದ್ದ ಇನ್ನೂ ಸ್ವಲ್ಪ ದಪ್ಪ ಬೇಕಿತ್ತು ಕಣ್ರೀ," ಎಂದು ಹೇಳಿ ಹೋದ. ಹಿಂದೆಯೇ ಅಟೆಂಡರ್ ಬಂದ.

"ಸಾಹೇಬ್ರಿಗೆ ನಾನೇ ಹೇಳ್ಬಿಟ್ಟೆ ಸಾರ್. ಬೇರೆಯವರು ಚಾಡಿ ಹೇಳೋಕೆ ಮುಂಚೆ ನಮ್ಮವರು ಹೇಳೋದು ಒಳ್ಳೇದು. ಚಿತ್ರ ತಗೊಂಡು ಬರ್ಬೇಕಂತೆ."

ಸಾಹೇಬರು ಚಿತ್ರವನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದರು. ಗುಮಾಸ್ತನ ಕಣ್ಣ ಮುಂದೆ ವರ್ಗಾವಣೆಯ ಆದೇಶ ಟೈಪಾಗತೊಡಗಿತ್ತು.

"ನೀವೇ ಮಾಡಿದ್ದಾ?"

"ಹೌದು ಸಾರ್. ಆದ್ರೆ ಅದು..."

"ಸುಮ್ನಿರಿ." ಸಾಹೇಬರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. "ಇಪ್ಪತ್ತೆಂಟು ವರ್ಷದ ಸರ್ವೀಸಲ್ಲಿ ಎಲ್ರೂ ನನ್ನ ಸಹಿ ನೋಡಿದ್ರು. ಮುಖ ನೋಡಿದವರು ನೀವೊಬ್ರೇ."

ಕ್ಯಾಲೆಂಡರ್ ಕೆಳಗಿಳಿಯಿತು, ಅದೇ ಮೊಳೆಗೆ ಚಿತ್ರ ಏರಿತು.

"ಸಾರ್, ಗೋಂದು ಇನ್ನೂ ಹಸಿ ಇದೆ. ಮನೆಗೆ ತಗೊಂಡು ಹೋಗಿ ಒಣಗಿಸಿ ನಾಳೆ..."

"ಇಲ್ಲೇ ಒಣಗಲಿ ಬಿಡಿ."

ಬರಬೇಡ, ಸೀದಾ ಹೋಟೆಲಿಗೇ ಹೋಗು ಎನ್ನಲು ಗುಮಾಸ್ತ ಮನೆಗೆ ಏಳು ಸಲ ಫೋನ್ ಮಾಡಿದ. ಯಾರೂ ಎತ್ತಲಿಲ್ಲ. ಅವಳು ಹೊಸ ಸೀರೆಯುಟ್ಟು ಆಗಲೇ ಹೊರಟಾಗಿತ್ತು. ನಾಲ್ಕೂವರೆಗೆ ಅವನು ಮೆಟ್ಟಿಲ ಬಳಿ ಕಾಯುತ್ತಿದ್ದರೆ, ಅವಳು ಲಿಫ್ಟಿನಲ್ಲಿ ಬಂದು ಸಾಹೇಬರ ಕೈಗೇ ಸಿಕ್ಕಳು.

"ಬನ್ನಿ ಅಮ್ಮ, ನಿಮ್ಮ ಯಜಮಾನರ ಕೈಕೆಲಸ ನೋಡಿ," ಎಂದು ಅವರು ಒಳಗೆ ಕರೆದೊಯ್ಯುತ್ತಿದ್ದರು. ಗುಮಾಸ್ತ ಓಡಿದ.

ಹೆಂಡತಿ ಗೋಡೆ ನೋಡಿದಳು. ಮೊದಲು ಮುಖ ಅರಳಿತು. ಆಮೇಲೆ ಮೇಜಿನ ಮೇಲಿದ್ದ ಸಾಹೇಬರ ಹೆಸರಿನ ಫಲಕ ಕಣ್ಣಿಗೆ ಬಿದ್ದು ಹುಬ್ಬು ಗಂಟಿಕ್ಕಿತು.

"ರೀ, ನನ್ನ ಚಿತ್ರ ಇವರ ಕೋಣೇಲಿ ಯಾಕಿದೆ?"

"ಅದು ನಿಮ್ಮದಲ್ಲಮ್ಮ, ನಂದು," ಎಂದರು ಸಾಹೇಬರು.

"ನನ್ನ ಮುಖ ನಂಗೆ ಗೊತ್ತಾಗಲ್ವಾ ಸಾರ್?"

ಚಿತ್ರದ ಎಡಕ್ಕೆ ಸಾಹೇಬರು, ಬಲಕ್ಕೆ ಹೆಂಡತಿ ನಿಂತು, ಇಬ್ಬರೂ ಒಟ್ಟಿಗೆ ಅವನತ್ತ ತಿರುಗಿ, "ನೀವೇ ಹೇಳಿ, ಇದು ಯಾರು?" ಎಂದರು. ಇಬ್ಬರ ಎಡಹುಬ್ಬೂ ಒಂದೇ ಅಳತೆಗೆ ಮೇಲೇರಿತ್ತು.

ಗುಮಾಸ್ತನಿಗೆ ಹೋಲಿಕೆ ಕಂಡದ್ದು ಆಗಲೇ.