ಹುಲಿಗೂ ಕಡುಬು ಬಡಿಸಿದ ಕಥೆ

ಮರೆವಿನವರ ಜೊತೆ ನಡೆದ ತಮಾಷೆಗಳನ್ನು ಮರೆಯಲು ನನಗೆ ಇನ್ನೂ ಆಗಿಲ್ಲ. ಮೇಷ್ಟ್ರ ಕೆಲಸದಿಂದ ನಿವೃತ್ತನಾದ ಮೇಲೆ, ಎರಡು ಸಾವಿರದ ಇಸವಿಯ ಆಚೀಚೆ, ಮೂಡಿಗೆರೆ ಹತ್ತಿರದ ಒಂದು ವೃದ್ಧಾಶ್ರಮಕ್ಕೆ ವಾರಕ್ಕೊಮ್ಮೆ ಹೋಗುತ್ತಿದ್ದೆ. ಅಲ್ಲಿದ್ದವರಿಗೆಲ್ಲ ಮರೆವಿನ ಕಾಯಿಲೆ. ಅವರು ಬಾಯಲ್ಲಿ ಕಥೆ ಕಟ್ಟಬೇಕು, ನಾನು ಬೋರ್ಡಿನ ಮೇಲೆ ಬರೆಯಬೇಕು. ನೆನಪಿಲ್ಲದಿದ್ದರೇನು, ಕಥೆಗೆ ಬೇಕಾದ್ದು ಸುಳ್ಳು ತಾನೇ!

ನನ್ನ ನೌಕರಿ

ಅಲ್ಲೊಬ್ಬರು ಸಾಹುಕಾರರಿದ್ದರು. ಹಿಂದೆ ದೊಡ್ಡ ಕಾಫಿ ತೋಟ ಆಳಿದವರು. ಆಶ್ರಮವೂ ತಮ್ಮ ಎಸ್ಟೇಟೇ ಎಂದು ಅವರ ಲೆಕ್ಕ. ಮೊದಲ ದಿನ ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಯಾವೂರು ನಿಮ್ದು?"

"ಮಲ್ಲಂದೂರು, ಸಾಹುಕಾರ್ರೇ."

"ಓದು ಬರಹ ಬರುತ್ತಾ?"

ಜೀವಮಾನವೆಲ್ಲ ಅದನ್ನೇ ಕಲಿಸಿದವನು, "ಸುಮಾರಾಗಿ ಬರುತ್ತೆ" ಎಂದೆ.

"ಹಾಗಾದ್ರೆ ಇವತ್ತಿಂದ್ಲೇ ಸೇರ್ಕೊಳ್ಳಿ."

ತರಗತಿ ಮುಗಿಯುವಷ್ಟರಲ್ಲಿ ಅವರಿಗೆ ಸಿಟ್ಟು ಬಂದಿತ್ತು. "ಆಗಿಂದ ಹಲಗೆ ಗೀಚಿದ್ದೇ ಬಂತು. ಒಂದು ಬುಟ್ಟಿ ಹಣ್ಣು ಕೊಯ್ದಿಲ್ಲ. ನಾಳೆಯಿಂದ ಬರ್ಬೇಡಿ!"

ಮುಂದಿನ ವಾರ ಹೋದರೆ ಮತ್ತೆ, "ಯಾವೂರು ನಿಮ್ದು?" ಪ್ರತಿ ವಾರ ಸೇರಿ ಪ್ರತಿ ವಾರ ಡಿಸ್ಮಿಸ್ ಆದ ನೌಕರ ಇಡೀ ಜಿಲ್ಲೆಯಲ್ಲಿ ನಾನೊಬ್ಬನೇ ಇರಬೇಕು.

ಹುಲಿ ಬಂತು

ಒಬ್ಬ ಅಜ್ಜಿಗೆ ಹೆತ್ತ ಮಕ್ಕಳ ಹೆಸರೇ ಮರೆತಿತ್ತು. ಮನೆಗೆ ಬಂದವರನ್ನು ಬರಿಹೊಟ್ಟೆಯಲ್ಲಿ ಕಳಿಸಬಾರದು ಅನ್ನುವುದು ಮಾತ್ರ ಮರೆತಿರಲಿಲ್ಲ. ಕಥೆಗೆ ಕಳ್ಳ ಬಂದ, ಕಾಫಿ ಕೊಡಿಸಿದರು. ಪೊಲೀಸ್ ಬಂದ, ಅವನಿಗೂ ಕೊಡಿಸಿದರು. ಇಬ್ಬರೂ ಒಂದೇ ಜಗಲಿಯಲ್ಲಿ ಕೂತು ಕಾಫಿ ಕುಡಿದ ಮೇಲೆ ಓಡುವವರು ಯಾರು, ಹಿಡಿಯುವವರು ಯಾರು?

ಒಂದು ದಿನ ರೋಸಿಹೋಗಿ ಹುಲಿಯನ್ನೇ ತಂದೆ. "ಅಜ್ಜಿ, ಹುಲಿ ಅಂಗಳಕ್ಕೇ ಬಂತು! ಈಗೇನ್ಮಾಡ್ತೀರಿ?"

"ಪಾಪ, ಕಾಡಿಂದ ನಡ್ಕೊಂಡು ಬಂದಿದೆ. ಕಾಲು ತೊಳ್ಯೋಕೆ ನೀರು ಕೊಡಿ. ಕಡುಬು ಬಿಸಿ ಇದೆ."

"ಹುಲಿ ಕಡುಬು ತಿನ್ನುತ್ತಾ ಅಜ್ಜಿ?"

"ಕೋಳಿಸಾರು ಹಾಕಿದ್ರೆ ಯಾಕೆ ತಿನ್ನಲ್ಲ ಮಾರಾಯ?"

ಅಧ್ಯಕ್ಷರೂ ಬಂದರು

ಹುಲಿ ಇನ್ನೂ ಬೋರ್ಡಿನ ಮೇಲಿರುವಾಗಲೇ ಆಶ್ರಮದ ಅಧ್ಯಕ್ಷರು ಒಳಗೆ ಬಂದರು. "ಮೇಷ್ಟ್ರೇ, ಇವ್ರಿಗೆ ಇವತ್ತಿಂದು ನಾಳೆ ನೆನಪಿರಲ್ಲ. ಈ ತರಗತಿ ದಂಡ. ಮುಂದಿನ ವಾರದಿಂದ ನೀವು ಬರೋದು ಬೇಡ."

ವಾರವಿಡೀ ನಾನು ಕಾಯುತ್ತಿದ್ದುದೇ ಆ ಒಂದು ದಿನಕ್ಕೆ. ಅಷ್ಟು ನಗು ನನಗೆ ಬೇರೆಲ್ಲೂ ಸಿಗುತ್ತಿರಲಿಲ್ಲ.

ಸಾಹುಕಾರರು ಊರುಗೋಲು ಕುಟ್ಟಿ ಎದ್ದರು. "ನನ್ನ ತೋಟದವ್ರನ್ನ ಬಿಡ್ಸೋಕೆ ನೀವ್ಯಾರ್ರೀ? ಬಿಡ್ಸೋದಿದ್ರೆ ನಾನು ಬಿಡಿಸ್ತೀನಿ! ನೀವೇ ನಾಳೆಯಿಂದ ಬರ್ಬೇಡಿ!"

ಅಧ್ಯಕ್ಷರು ತಬ್ಬಿಬ್ಬಾಗಿ ಬಾಗಿಲ ಕಡೆ ತಿರುಗಿದರು. ಅಜ್ಜಿ ಅವರ ಕೈ ಹಿಡಿದರು. "ಕೆಲಸ ಹೋದ್ರೆ ಹೋಯ್ತು ಮಗಾ, ಕಡುಬು ತಿಂದ್ಕೊಂಡು ಹೋಗು."

ಅಧ್ಯಕ್ಷರು ಅಲ್ಲೇ ಬೆಂಚಿನ ಮೇಲೆ ಕೂತು ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು. ಆಮೇಲೆ ಮೆಲ್ಲಗೆ ಕೇಳಿದರು, "ಆ ಹುಲಿ ಏನಾಯ್ತು ಮೇಷ್ಟ್ರೇ?"

"ಮುಂದಿನ ವಾರ ಬಂದ್ರೆ ಗೊತ್ತಾಗುತ್ತೆ" ಎಂದೆ.

ಬಂದೇಬಿಟ್ಟರು! ಸಾಹುಕಾರರು ಅವರನ್ನೂ ಮೇಲಿಂದ ಕೆಳಗೆ ನೋಡಿದರು. "ಓದು ಬರಹ ಬರುತ್ತಾ?"

ಅಧ್ಯಕ್ಷರು ಕೈಕಟ್ಟಿ ನಿಂತು, "ಸುಮಾರಾಗಿ ಬರುತ್ತೆ, ಸಾಹುಕಾರ್ರೇ" ಎಂದರು.

ಆಗತಾನೇ ಕೆಲಸಕ್ಕೆ ಸೇರಿದ್ದ ನನ್ನ ಕಡೆ ಸಾಹುಕಾರರು ಕೋಲು ತೋರಿಸಿದರು. "ಹಾಗಾದ್ರೆ ಇವ್ರ ಕೈಕೆಳಗೆ ಸೇರ್ಕೊಳ್ಳಿ."